ಎಟಿಎಂ ಎಣಿಸಿತು, ಹಣ ಬರಲಿಲ್ಲ: ಹೊಣೆ ಯಾರದು?

ಬೆಂಗಳೂರು: ಕಾರ್ಡ್ ತೂರಿಸಿ ರಹಸ್ಯ ಸಂಖ್ಯೆ ಒತ್ತಿದ ಮೇಲೆ ಯಂತ್ರದೊಳಗೆ ನೋಟು ಎಣಿಸುವ ಸದ್ದು ಕೇಳಿಸುತ್ತದೆ. ನೋಟು ಮಾತ್ರ ಹೊರಗೆ ಬರುವುದಿಲ್ಲ. ಮರುಕ್ಷಣವೇ ಖಾತೆಯಿಂದ ಹಣ ಕಡಿತವಾದ ಸಂದೇಶ ಮೊಬೈಲ್‌ಗೆ ಬಂದಿರುತ್ತದೆ. ಶಾಖೆಗೆ ಹೋಗಿ ವಿಚಾರಿಸಿದರೆ, 'ಯಂತ್ರದ ದಾಖಲೆಯಲ್ಲಿ ವಹಿವಾಟು ಯಶಸ್ವಿ ಎಂದಿದೆ' ಎಂಬ ಉತ್ತರ ಸಿಗುವುದೂ ಉಂಟು. ಬರಿಗೈಯಲ್ಲಿ ನಿಂತ ಗ್ರಾಹಕನ ಮಾತಿಗಿಂತ ಯಂತ್ರದ ತಂತ್ರಾಂಶ ಬರೆದಿಟ್ಟ ಸಾಲಿಗೇ ಅಲ್ಲಿ ತೂಕ ಹೆಚ್ಚು. ಆ ಸಾಲು ಹೇಗೆ ಹುಟ್ಟುತ್ತದೆ, ಅದು ತಪ್ಪಾದರೆ ಹೊಣೆ ಯಾರದು ಎಂಬ ಪ್ರಶ್ನೆಗಳು ತಂತ್ರಜ್ಞರಿಗಷ್ಟೇ ಸೀಮಿತವಾಗಿ ಉಳಿಯಬಾರದು.

ಪದರ ಪದರವಾದ ತಂತ್ರಾಂಶ

ಎಟಿಎಂ ಎಂಬುದು ಮೂಲತಃ ಒಂದು ಗಣಕಯಂತ್ರ. ಅದಕ್ಕೆ ನೋಟು ನೀಡುವ ಘಟಕ, ಕಾರ್ಡ್ ಓದುವ ಸಾಧನ, ರಸೀದಿ ಮುದ್ರಕ ಮುಂತಾದವು ಜೋಡಣೆಯಾಗಿರುತ್ತವೆ. ಹಿಂದೆ ಒಬ್ಬ ತಯಾರಕನ ಯಂತ್ರಕ್ಕೆ ಬರೆದ ತಂತ್ರಾಂಶ ಮತ್ತೊಬ್ಬನ ಯಂತ್ರದಲ್ಲಿ ನಡೆಯುತ್ತಿರಲಿಲ್ಲ. ಯಂತ್ರ ಕೊಂಡ ಬ್ಯಾಂಕು ತಂತ್ರಾಂಶಕ್ಕೂ ಅದೇ ಕಂಪನಿಯನ್ನು ಅವಲಂಬಿಸಬೇಕಿತ್ತು. ಈ ಕಟ್ಟು ಸಡಿಲಿಸಲು 1990ರ ದಶಕದಲ್ಲಿ ಮೈಕ್ರೋಸಾಫ್ಟ್ ನೇತೃತ್ವದಲ್ಲಿ 'ಎಕ್ಸ್‌ಎಫ್‌ಎಸ್' ಎಂಬ ಸಮಾನ ಮಾನದಂಡ ರೂಪುಗೊಂಡಿತು. ಬಳಿಕ ಅದು ಐರೋಪ್ಯ ಮಾನಕ ಸಂಸ್ಥೆ 'ಸಿಇಎನ್' ಸುಪರ್ದಿಗೆ ಬಂದಿತು. ಶಾಖೆಯ ಕೌಂಟರಿನಲ್ಲಿರುವ ಪಾಸ್‌ಬುಕ್ ಮುದ್ರಕ, ನಗದು ಸಾಧನಗಳಿಗೂ ಇದೇ ಮಾನದಂಡ ಅನ್ವಯಿಸುತ್ತದೆ. ಎನ್‌ಸಿಆರ್ ಕಂಪನಿಯ ಆಪ್ಟ್ರಾ, ಡೀಬೋಲ್ಡ್‌ನ ಅಜಿಲಿಸ್, ಎಡಿನ್‌ಬರೋದ ಕೆಎಎಲ್ ಸಂಸ್ಥೆಯ ಕ್ಯಾಲಿಗ್ನೈಟ್ ಮೊದಲಾದವು ಈ ಕ್ಷೇತ್ರದಲ್ಲಿ ಹೆಸರು ಮಾಡಿದ ತಂತ್ರಾಂಶಗಳು.

ಈ ವ್ಯವಸ್ಥೆಯಲ್ಲಿ 'ಇಷ್ಟು ನೋಟು ಕೊಡು' ಎಂದು ಮೇಲಿನ ತಂತ್ರಾಂಶ ಆದೇಶಿಸುತ್ತದೆ. ತಯಾರಕರು ಒದಗಿಸಿದ ಕೆಳಗಿನ ಪದರ ಅದನ್ನು ಯಂತ್ರಕ್ಕೆ ತಲುಪಿಸಿ, ನೋಟು ಹೊರಬಿದ್ದಿತೇ, ನಡುವೆ ಸಿಲುಕಿತೇ ಎಂಬ ವರದಿಯನ್ನು ಹಿಂದಿರುಗಿಸುತ್ತದೆ. ಅದರ ಆಧಾರದ ಮೇಲೆ ಎಲೆಕ್ಟ್ರಾನಿಕ್ ಜರ್ನಲ್‌ನಲ್ಲಿ ದಾಖಲೆ ಬೀಳುತ್ತದೆ. ಆದರೆ ಖಾತೆಯಿಂದ ಹಣ ಕಳೆಯುವ ನಿರ್ಧಾರ ನಡೆಯುವುದು ದೂರದ ಬ್ಯಾಂಕಿನ ಗಣಕದಲ್ಲಿ. ಕಾರ್ಡ್ ಅನ್ಯ ಬ್ಯಾಂಕಿನದಾದರೆ ಸಂದೇಶ ರಾಷ್ಟ್ರೀಯ ಪಾವತಿ ನಿಗಮದ ಸ್ವಿಚ್ ಮೂಲಕವೂ ಹಾಯ್ದುಹೋಗಬೇಕು. ಅನುಮತಿ ಬಂದ ನಂತರ ನೋಟು ಸಿಲುಕಿದರೆ ಅಥವಾ ಸಂಪರ್ಕ ಕಡಿದುಹೋದರೆ, ಕಡಿತ ರದ್ದುಪಡಿಸುವ ಸಂದೇಶ ಹಿಂದಕ್ಕೆ ತಲುಪಬೇಕು. ಅದು ದಾರಿಯಲ್ಲಿ ತಪ್ಪಿದಲ್ಲಿ ಯಂತ್ರದ ಲೆಕ್ಕವೇ ಒಂದು, ಖಾತೆಯ ಲೆಕ್ಕವೇ ಮತ್ತೊಂದು. ಗ್ರಾಹಕ ಸಿಕ್ಕಿಬೀಳುವುದು ಈ ಸಂದಿಯಲ್ಲಿಯೇ.

ಹಲವರ ಕೈ, ಯಾರದೂ ಅಲ್ಲದ ಹೊಣೆ

ಯಂತ್ರ ಒಬ್ಬರದು, ತಂತ್ರಾಂಶ ಇನ್ನೊಬ್ಬರದು, ನಗದು ತುಂಬುವವರು ಮಗದೊಬ್ಬರು. ನಿರ್ವಹಣೆಯನ್ನೂ ಗುತ್ತಿಗೆ ಕಂಪನಿಗೆ ವಹಿಸಿದ ಬ್ಯಾಂಕುಗಳಿವೆ. ಈ ಹಂಚಿಕೆಯ ಬೆಲೆ ಏನೆಂಬುದು 2016ರ ನವೆಂಬರ್‌ನಲ್ಲಿ ಇಡೀ ದೇಶಕ್ಕೆ ಅರಿವಾಯಿತು. ನೋಟು ರದ್ದತಿಯ ನಂತರ ಬಂದ 2,000 ರೂ. ಮುಖಬೆಲೆಯ ನೋಟಿನ ಅಳತೆ ಬೇರೆಯಾಗಿದ್ದ ಕಾರಣ, ದೇಶದ ಸುಮಾರು 2 ಲಕ್ಷ ಯಂತ್ರಗಳ ಕ್ಯಾಸೆಟ್ ಮತ್ತು ತಂತ್ರಾಂಶಗಳನ್ನು ಹೊಸದಾಗಿ ಹೊಂದಿಸಬೇಕಾಯಿತು. ತಂತ್ರಜ್ಞರು ಯಂತ್ರದಿಂದ ಯಂತ್ರಕ್ಕೆ ಅಲೆದರು. ಈ ಕೆಲಸದ ಉಸ್ತುವಾರಿಗೆ ರಿಸರ್ವ್ ಬ್ಯಾಂಕ್ ಡೆಪ್ಯುಟಿ ಗವರ್ನರ್ ಎಸ್.ಎಸ್. ಮುಂದ್ರಾ ನೇತೃತ್ವದಲ್ಲಿ ಕಾರ್ಯಪಡೆಯನ್ನೇ ರಚಿಸಬೇಕಾಯಿತು. ಅಲ್ಲಿಯವರೆಗೆ ಜನ ಸಾಲುಗಟ್ಟಿ ನಿಂತದ್ದು ಎಲ್ಲರಿಗೂ ನೆನಪಿದೆ.

ಭದ್ರತೆಯ ವಿಷಯದಲ್ಲೂ ಇದೇ ಕಥೆ. ವಿಂಡೋಸ್ ಎಕ್ಸ್‌ಪಿ ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ನಾಲ್ಕು ವರ್ಷ ಕಳೆದರೂ ನಮ್ಮ ಎಟಿಎಂಗಳಲ್ಲಿ ಅದು ಉಳಿದಿತ್ತು. 2018ರ ಜೂನ್ 21ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, 2019ರ ಜೂನ್ ಒಳಗೆ ಎಲ್ಲ ಯಂತ್ರಗಳನ್ನೂ ಹಂತಹಂತವಾಗಿ ಹೊಸ ವ್ಯವಸ್ಥೆಗೆ ಬದಲಿಸುವಂತೆ ಗಡುವು ವಿಧಿಸಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿ ರೂ. ಲೂಟಿಯಾಯಿತು. ಬಹುಪಾಲು ಹಣವನ್ನು ವಿದೇಶದ ಎಟಿಎಂಗಳಿಂದ ತೆಗೆಯಲಾಗಿತ್ತು. ಅಲ್ಲಿ ಯಾರೂ ಯಂತ್ರ ಒಡೆದಿರಲಿಲ್ಲ. ಅನುಮತಿ ನೀಡುವ ಮಾರ್ಗವನ್ನೇ ದುಷ್ಟ ತಂತ್ರಾಂಶ ವಶಪಡಿಸಿಕೊಂಡಿತ್ತು. 'ಕೊಡು' ಎಂಬ ಆದೇಶ ಬಂತು, ಯಂತ್ರ ಕೊಟ್ಟಿತು. ದಾಖಲೆಯಲ್ಲಿ 'ಯಶಸ್ವಿ' ಎಂದಿದ್ದ ಮಾತ್ರಕ್ಕೆ ವಹಿವಾಟು ಸಾಚಾ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ನಿಯಮವಿದೆ, ಆದರೆ...

ಗ್ರಾಹಕರ ರಕ್ಷಣೆಗೆ ನಿಯಮವಿಲ್ಲ ಎಂದಲ್ಲ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ನೋಟು ಬಾರದೆ ಖಾತೆಯಿಂದ ಕಡಿತವಾದ ಹಣವನ್ನು ವಹಿವಾಟಿನ ದಿನದ ನಂತರದ ಐದು ದಿನಗಳೊಳಗೆ ಬ್ಯಾಂಕು ತಾನಾಗಿಯೇ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂ.ನಂತೆ ಪರಿಹಾರ ನೀಡಬೇಕು. ಇದಕ್ಕೆ ಗ್ರಾಹಕನ ದೂರಿಗಾಗಿ ಕಾಯುವಂತಿಲ್ಲ.

ಆದರೆ ವಹಿವಾಟು 'ವಿಫಲ' ಎಂದು ದಾಖಲಾದಾಗ ಮಾತ್ರ ಈ ನಿಯಮ ತಾನಾಗಿ ಚಲಿಸುತ್ತದೆ. ತಂತ್ರಾಂಶ 'ಯಶಸ್ವಿ' ಎಂದು ಬರೆದುಬಿಟ್ಟರೆ ಗ್ರಾಹಕ ದೂರು ನೀಡಿ ಕಾಯುವುದು ಅನಿವಾರ್ಯ. ಆಗ ಸತ್ಯ ತಿಳಿಯಲು ಉಳಿಯುವ ದಾರಿ, ಪೆಟ್ಟಿಗೆಯಲ್ಲಿ ಉಳಿದ ನಗದನ್ನು ದಾಖಲೆಯೊಂದಿಗೆ ತಾಳೆ ನೋಡುವುದು ಮತ್ತು ಕ್ಯಾಮೆರಾ ದೃಶ್ಯ ಪರಿಶೀಲಿಸುವುದು. ಇವೆರಡೂ ಬ್ಯಾಂಕು ಅಥವಾ ಅದರ ಗುತ್ತಿಗೆದಾರರ ಕೈಯಲ್ಲಿಯೇ ಇವೆ. ವಾದಿಯ ಸಾಕ್ಷ್ಯವೆಲ್ಲ ಪ್ರತಿವಾದಿಯ ಬೀರುವಿನಲ್ಲಿದ್ದರೆ ನ್ಯಾಯ ಸಿಗುವುದು ಹೇಗೆ?

ನಗರದವನಿಗೆ ಮೊಬೈಲ್ ಪಾವತಿಯ ಆಸರೆಯಿದೆ. ಪಿಂಚಣಿಯ ಹಣವನ್ನೇ ನಂಬಿ ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಬರುವ ವೃದ್ಧೆಗೆ ಐದು ದಿನವೆಂದರೆ ಐದು ದಿನದ ಔಷಧಿ. ಪರದೆಯಲ್ಲಿ ಮೂಡಿದ ಇಂಗ್ಲಿಷ್ ಸಂದೇಶ ಓದಲಾಗದೆ, ವಹಿವಾಟು ಮುಗಿಯಿತೋ ಕೆಟ್ಟಿತೋ ತಿಳಿಯದೆ ಹಿಂದಿರುಗುವವರಿದ್ದಾರೆ.

ಆದ್ದರಿಂದ ಆಗಬೇಕಾದದ್ದು ಮೂರು. ದೂರು ಬಂದಾಗ ಜರ್ನಲ್‌ನ ಆ ಭಾಗದ ಪ್ರತಿ ಹಾಗೂ ಅಂದಿನ ನಗದು ತಾಳೆಯ ವಿವರವನ್ನು ಗ್ರಾಹಕನಿಗೆ ಕೊಡಬೇಕು. ನೋಟು ಸಿಲುಕಿದಾಗ, ಸಂಪರ್ಕ ಕಡಿದಾಗ ತಂತ್ರಾಂಶ ಹೇಗೆ ವರ್ತಿಸುತ್ತದೆ ಎಂಬುದನ್ನು ಗುತ್ತಿಗೆದಾರನ ಮಾತಿಗೆ ಬಿಡದೆ ಬ್ಯಾಂಕೇ ಪರೀಕ್ಷಿಸಿ ಖಾತರಿಪಡಿಸಿಕೊಳ್ಳಬೇಕು. ವೈಫಲ್ಯದ ಸಂದೇಶ ಮತ್ತು ರಸೀದಿ ಕನ್ನಡದಲ್ಲಿರಬೇಕು. ಇವು ಅಸಾಧ್ಯವಾದ ಬೇಡಿಕೆಗಳೇನಲ್ಲ. ಖಾತೆ ಇರುವುದು ಬ್ಯಾಂಕಿನಲ್ಲಿ, ತಂತ್ರಾಂಶದ ಕಂಪನಿಯಲ್ಲಲ್ಲ. ಹಾಗಿರುವಾಗ ಉತ್ತರ ಹೇಳಬೇಕಾದದ್ದೂ ಬ್ಯಾಂಕೇ.