ಐಎನ್‌ಎಸ್ ಮೈಸೂರಿನ ಬೂದುಬಣ್ಣ: ತಕರಾರುಗಳಿಗೆ ಉತ್ತರ

ಐಎನ್‌ಎಸ್ ಮೈಸೂರು ಯುದ್ಧನೌಕೆಯ ಮಾದರಿಗೆ ನಾನು ಪಟ್ಟೆಗಳಿಲ್ಲದ ತಿಳಿ ಬೂದುಬಣ್ಣ ಹಚ್ಚಿದ್ದಕ್ಕೆ ರೋಣ, ನರಗುಂದ, ಗಜೇಂದ್ರಗಡದ ಗೆಳೆಯರು ತಕರಾರು ತೆಗೆದಿದ್ದಾರೆ. ಕಡಲೇ ಕಾಣದ ಎರಿಹೊಲದ ಸೀಮೆಯಲ್ಲಿ ಹಡಗಿಗಾಗಿ ಜಗಳವಾಗಿದ್ದು ನನಗಂತೂ ಖುಷಿಯೇ.

ನರಗುಂದದವರ ವಾದ: ಇದು ಮೊದಲು ಬ್ರಿಟಿಷರ 'ನೈಜೀರಿಯಾ' ಆಗಿತ್ತು, ಅದರ ಯುದ್ಧಕಾಲದ ಫೋಟೊಗಳಲ್ಲಿ ಪಟ್ಟೆಗಳಿವೆಯಲ್ಲ? ಹಡಗು ಅದೇ, ನಿಜ. ಪಟ್ಟೆಗಳು ಶತ್ರುವಿಗೆ ಅದರ ಆಕಾರ, ದಿಕ್ಕು ತಿಳಿಯದಿರಲೆಂದು ಬಳಿದವು. 1942ರ ಆಗಸ್ಟಿನಲ್ಲಿ ಮಾಲ್ಟಾಕ್ಕೆ ಹೊರಟ ಹಡಗುಗಳ ಬೆಂಗಾವಲಿಗೆ ಹೋಗಿ ಟಾರ್ಪೆಡೊ ಹೊಡೆತ ತಿಂದ ಕಾಲದವು. ಭಾರತ ಅದನ್ನು ಕೊಂಡಿದ್ದು 1954ರಲ್ಲಿ. ಬರ್ಕನ್‌ಹೆಡ್‌ನಲ್ಲಿ ನವೀಕರಣಗೊಂಡು 1957ರ ಆಗಸ್ಟ್ 29ರಂದು 'ಮೈಸೂರು' ಆಗಿ ನೌಕಾಪಡೆ ಸೇರಿತು. ಲಾಂಛನದಲ್ಲಿ ಗಂಡಭೇರುಂಡ, ಮೈಮೇಲೆ 1942ರ ಪಟ್ಟೆ ಎಂದರೆ ಅಂಥ ಹಡಗು ಯಾವ ದಿನವೂ ತೇಲಿಲ್ಲ. ನನ್ನದು 1971ರ ಮೈಸೂರು, ಪಶ್ಚಿಮ ನೌಕಾದಳದ ಧ್ವಜನೌಕೆ. ಬಣ್ಣ ಕೇಳುವ ಮುಂಚೆ ಇಸವಿ ಕೇಳಬೇಕು.

ಕಪ್ಪುಬಿಳುಪು ಫೋಟೊ ಹಿಡಿದು ಬಂದವರಿಗೆ: ಹಳೆಯ ಆರ್ಥೋಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದಿಲ್ಲ, ಕಪ್ಪಾಗುತ್ತದೆ, ನೀಲಿ ಬಿಳಿಚಿಕೊಳ್ಳುತ್ತದೆ. ನೀಲಿ ಬೆರೆತ ಬೂದುಬಣ್ಣ ಅದರಲ್ಲಿ ಇದ್ದದ್ದಕ್ಕಿಂತ ತಿಳಿಯಾಗಿ ಮೂಡೀತು. ಹಳೆಯ ಕಲರ್ ಪ್ರಿಂಟುಗಳೂ ಮಾಸಿ ಕೆಂಪಗಾಗುತ್ತವೆ.

ಬಣ್ಣ ತಿಳಿಯಲು ಕಾರವಾರದ ಕಡಲತೀರದ ಐಎನ್‌ಎಸ್ ಚಪಲ್ ನೋಡಿ ಬಾ ಎಂದರು ಕೆಲವರು. ಅದು ಸೋವಿಯತ್ ಮೂಲದ ಕ್ಷಿಪಣಿ ದೋಣಿ. ಉಪ್ಪುಗಾಳಿಗೆ ನಿಂತ ಉಕ್ಕು ಕೊನೆಯ ಬಾರಿ ಬಳಿದ ಡಬ್ಬಿಯ ಬಣ್ಣ ಹೇಳುತ್ತದೆ, ಅಷ್ಟೆ.

ರೋಣದ ಮಾಸ್ತರರದು ಒಂದೇ ಮಾತು: "ಬೂದಿ ಅಂದ್ರ ಬೂದಿನ, ಅದರಾಗ ಏನ್ ನೋಡ್ತಿ?" ಮಾಸ್ತರ, ಭಾರತೀಯ ಮಾನಕ ಬಣ್ಣಗಳ ಪಟ್ಟಿಯಲ್ಲೇ ಅಡ್ಮಿರಾಲ್ಟಿ ಬೂದು ಎರಡಿವೆ: ತಿಳಿಯದು 697, ಗಾಢದ್ದು 632. ಟ್ಯೂಬ್‌ಲೈಟಿನಲ್ಲಿ ಹೊಂದಿದ ಎರಡು ನೂಲು ಬಿಸಿಲಿಗೆ ಹಿಡಿದರೆ ಬೇರೆಯಾಗುವುದನ್ನು ಯಾವ ನೇಕಾರರಾದರೂ ತೋರಿಸಿಯಾರು. ಬೂದುಬಣ್ಣದಲ್ಲಿ ಈ ಮೋಸ ಇನ್ನೂ ಹೆಚ್ಚು.

ಗಜೇಂದ್ರಗಡದವರ ಆಕ್ಷೇಪ ಮಾತ್ರ ಗಟ್ಟಿಯಾಗಿದೆ: ನಂಬರಿನ ಬಣ್ಣ ತಂದವನು ಅದಕ್ಕೆ ಬಿಳಿ ಏಕೆ ಬೆರೆಸಿದೆ? 350ರಲ್ಲಿ ಒಂದು ಪಾಲಿನ ಮಾದರಿಯನ್ನು ಒಂದು ಮೀಟರಿನಿಂದ ನೋಡುವುದೆಂದರೆ ನಿಜದ ಹಡಗನ್ನು 350 ಮೀಟರ್ ಆಚೆಯಿಂದ ನೋಡಿದ ಹಾಗೆ. ನಡುವಿನ ಗಾಳಿ, ಮಂಜು ಗಾಢ ಬಣ್ಣವನ್ನು ತೆಳುಮಾಡುತ್ತವೆ. ಎಷ್ಟು ಬಿಳಿ ಎನ್ನುವುದಕ್ಕೆ ಎಲ್ಲರೂ ಒಪ್ಪಿದ ಲೆಕ್ಕವಿಲ್ಲ; ಕಿಟಕಿಯ ಬೆಳಕಿನಲ್ಲಿ ಕಣ್ಣಂದಾಜಿಗೆ ಬೆರೆಸಿದ್ದೇನೆ. ಬೆರೆಸದೆ ಹಚ್ಚುವವರ ಮಾದರಿ ನನ್ನದಕ್ಕಿಂತ ತುಸು ಕಪ್ಪಾದೀತು, ತಪ್ಪಾಗದು.