ಡಿಕ್ರಿಯಾಯಿತು, ಹೊಲ ಬರಲಿಲ್ಲ



ಕಳೆದ ತಿಂಗಳು ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರದ ಬೆಟ್ಟವನ್ನು ಹತ್ತಿದ್ದೆನು. ರಾವಣನೊಡನೆ ಕಾದಿ ಜಟಾಯುವು ಬಿದ್ದ ಸ್ಥಳವಿದೆಂದು ಅಲ್ಲಿಯವರ ನಂಬುಗೆ. ಬೆಟ್ಟದ ಮೇಲಣ ಬಂಡೆಯೊಂದರಲ್ಲಿ ಅಶೋಕನ ಶಾಸನವುಂಟು, 1892ರಲ್ಲಿ ಬಿ. ಎಲ್. ರೈಸರು ಅದನ್ನು ಬೆಳಕಿಗೆ ತಂದರು. ಜಾತ್ರೆಯ ದಿನಗಳಲ್ಲಿ ಬಳೆಗಾರರು ತಮ್ಮ ಸರಕನ್ನು ಹರಡುತ್ತಿದ್ದ ಬಂಡೆಯಾದುದರಿಂದ ಅದಕ್ಕೆ ಬಳೆಗಾರನ ಗುಂಡು ಎಂದೇ ಹೆಸರಾಗಿತ್ತು. ಅಕ್ಷರಗಳು ಬಹುವಾಗಿ ಸವೆದಿವೆ.

ನೆರಳಿನಲ್ಲಿ ಕುಳಿತಿದ್ದ ವೃದ್ಧ ರೈತರೊಬ್ಬರು ನನ್ನ ಕೈಯಲ್ಲಿ ಪುಸ್ತಕವನ್ನು ಕಂಡು, ತಮ್ಮ ಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದರು. "ಸ್ವಾಮಿ, ಇದನ್ನ ಒಸಿ ನೋಡ್ರಿ. ನಮ್ಮಪ್ಪ ಹಾಕಿದ ದಾವೆ. ಡಿಕ್ರಿ ಆಗೈತೆ ಅಂತಾರೆ, ಹೊಲ ಮಾತ್ರ ಇನ್ನೂ ದಾಯಾದಿ ಕೈಯಾಗೇ ಐತೆ" ಎಂದರು. ನೋಡಿದೆನು. ಡಿಕ್ರಿಯೇನೋ ಆಗಿದ್ದಿತು, ಆದರೆ ಅದು ಪ್ರಾಥಮಿಕ ಡಿಕ್ರಿ. ಅವರಿಗೆ ಮೂರರಲ್ಲೊಂದು ಪಾಲೆಂದು ಹೇಳಿ ನ್ಯಾಯಾಲಯವು ಸುಮ್ಮನಾಗಿದ್ದಿತು.

ಪಾಲು ವಿಭಾಗದ ದಾವೆಯ ಈ ಮರ್ಮವನ್ನು ನಮ್ಮ ಗೃಹಸ್ಥರಲ್ಲಿ ಅನೇಕರು ಅರಿಯರು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ, ಪಾಲನ್ನು ಕೂಡಲೇ ಬಿಡಿಸಿಕೊಡುವುದು ಸುಲಭವಲ್ಲವೆಂದು ಕಂಡಲ್ಲಿ, ನ್ಯಾಯಾಲಯವು ಮೊದಲು ಯಾರಿಗೆ ಎಷ್ಟು ಪಾಲೆಂಬುದನ್ನು ನಿರ್ಣಯಿಸಬಹುದು. ಯಾವ ಹೊಲ ಯಾರದು, ಬಾವಿಯಿರುವ ಮಗ್ಗುಲು ಯಾರಿಗೆ ಎಂಬುದು ಆಮೇಲಿನ ಮಾತು. ಈ ಎರಡನೆಯ ಘಟ್ಟಕ್ಕೆ ಪಕ್ಷಗಾರನೇ ಮತ್ತೆ ಅರ್ಜಿ ಹಾಕಿಕೊಳ್ಳಬೇಕೆಂಬ ರೂಢಿಯು ಬೆಳೆದುಬಂದಿತು. ಅರ್ಜಿಗೆ ಕಾಲಮಿತಿಯಿಲ್ಲ. ಗೆದ್ದೆನೆಂದು ತಿಳಿದವನು ಮನೆಗೆ ಹೋಗಿ ಕುಳಿತರೆ ವರ್ಷಗಳು ಉರುಳುತ್ತವೆ, ವಾದಿ ತೀರಿಕೊಳ್ಳುತ್ತಾನೆ, ಮಕ್ಕಳು ವಾರಸುದಾರರೆಂದು ದಾಖಲಾಗಬೇಕಾಗುತ್ತದೆ. ನಮ್ಮ ವೃದ್ಧರ ತಂದೆ ಗೆದ್ದೆನೆಂಬ ಸಂತೋಷದಲ್ಲಿಯೇ ಕಣ್ಮುಚ್ಚಿದರಂತೆ.

ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಬಿಹಾರದ ಬುಬ್ನಾ ಕುಟುಂಬದ ವ್ಯಾಜ್ಯದಲ್ಲಿ, ಈ ದೋಷವನ್ನು ಎತ್ತಿ ತೋರಿಸಿ ಕಾನೂನೇ ತಿದ್ದುಪಡಿಯಾಗಬೇಕೆಂದು ಸೂಚಿಸಿತು. 2022ರಲ್ಲಿ ಕೇರಳದ ವ್ಯಾಜ್ಯವೊಂದರ ತೀರ್ಪಿನಲ್ಲಿ ಇನ್ನೂ ಮುಂದೆ ಹೋಗಿ, ಪ್ರಾಥಮಿಕ ಡಿಕ್ರಿಯಾದ ಬಳಿಕ ಬೇರೆ ಅರ್ಜಿಗೆ ಕಾಯದೆ ನ್ಯಾಯಾಲಯಗಳು ತಾವಾಗಿಯೇ ಮುಂದುವರಿಯಬೇಕೆಂದು ನಿರ್ದೇಶಿಸಿತು. ತೀರ್ಪು ಒಳ್ಳೆಯದೇ. ಆದರೆ ತೀರ್ಪನ್ನು ಓದುವವರು ವಕೀಲರು. ಹಳೆಯ ಕಟ್ಟುಗಳು ಕಪಾಟಿನಲ್ಲಿಯೇ ಇರುತ್ತವೆ. ಈ ವಿಧಿಯು ಸಂಹಿತೆಯ ಅಕ್ಷರದಲ್ಲಿಯೇ ಸೇರಬೇಕೆಂಬುದು ನನ್ನ ಅಭಿಪ್ರಾಯ. ಹಳೆಯ ಪ್ರಾಥಮಿಕ ಡಿಕ್ರಿಗಳಿಗೂ ಅದು ಅನ್ವಯಿಸಬೇಕು. ಇಲ್ಲವಾದರೆ ಬೆಟ್ಟದ ಮೇಲಣ ಆ ರೈತರಿಗೆ ಅದರಿಂದ ಏನು ಬಂದಂತಾಯಿತು?

ಇದು ದಿಲ್ಲಿಯ ಕೆಲಸವೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಸಿವಿಲ್ ಪ್ರಕ್ರಿಯೆಯು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯದ ಶಾಸನಸಭೆಯು ತಿದ್ದುಪಡಿ ಮಾಡಿ ರಾಷ್ಟ್ರಪತಿಗಳ ಅನುಮತಿ ಪಡೆದರೆ ಅದು ಈ ರಾಜ್ಯದಲ್ಲಿ ನಡೆಯುತ್ತದೆ. ಕರ್ನಾಟಕವು ಇದೇ ದಾರಿಯಲ್ಲಿ ಒಂದು ಹೆಜ್ಜೆಯನ್ನು ಆಗಲೇ ಇಟ್ಟಿದೆ. ಮೂಲ ಸಂಹಿತೆಯ 54ನೆಯ ಕಲಮಿನಂತೆ ಕಂದಾಯದ ಜಮೀನನ್ನು ಕಲೆಕ್ಟರರೇ ಪಾಲು ಮಾಡಬೇಕಾಗಿದ್ದಿತು. ಕಾಗದವು ಕಚೇರಿಯಿಂದ ಕಚೇರಿಗೆ ಅಲೆಯುತ್ತಿತ್ತು. 1998ರ ರಾಜ್ಯ ತಿದ್ದುಪಡಿಯು ಆ ಅಧಿಕಾರವನ್ನು ನ್ಯಾಯಾಲಯಕ್ಕೇ ಕೊಟ್ಟು, ಬೇಕಾದಲ್ಲಿ ತಹಸೀಲ್ದಾರರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯಿಂದ ಇಲ್ಲವೆ ಕಮಿಷನರರಿಂದ ವರದಿ ತರಿಸಿಕೊಳ್ಳಬಹುದೆಂದಿತು. ಅಷ್ಟು ಮಾಡಿದವರು ಇಷ್ಟನ್ನೂ ಮಾಡಬಹುದಲ್ಲವೆ?

ಕೇಳುವ ಪದ್ಧತಿಯೂ ನಮಗೆ ಹೊಸತಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ, ಈ ದುರ್ಗದ ಸೀಮೆಯೂ ಸೇರಿದಂತೆ ಸಂಸ್ಥಾನದ ಪ್ರತಿನಿಧಿಗಳು ದಸರೆಯ ಸಮಯದಲ್ಲಿ ತಮ್ಮ ಅಹವಾಲನ್ನು ಸರ್ಕಾರದ ಮುಂದಿಡುತ್ತಿದ್ದರು. ಮೊದಲ ಸಭೆಗೆ ಬಂದವರು 144 ಮಂದಿ. ಅಂದು ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಹೇಳುವ ಅವಕಾಶವಷ್ಟೇ. ಇಂದು ಮತವೂ ನಮ್ಮದು, ಶಾಸಕರೂ ನಮ್ಮವರು. ಹೀಗಿದ್ದೂ ರಸ್ತೆಗೆ, ಕೊಳವೆಬಾವಿಗೆ ಮನವಿ ಕೊಡುವ ನಾವು ಕಾನೂನಿನ ಒಂದು ಸಾಲಿಗಾಗಿ ಮನವಿ ಕೊಟ್ಟದ್ದು ಅಪರೂಪ. ನಾನಂತೂ ನಮ್ಮ ಶಾಸಕರಿಗೆ ಬರೆದಿದ್ದೇನೆ. ಸ್ವಂತ ಡಿಕ್ರಿಯ ಪ್ರತಿಯಿದ್ದವರು ಅದರ ದಿನಾಂಕವನ್ನು ಸೇರಿಸಿ ಬರೆದರೆ ಪತ್ರಕ್ಕೆ ತೂಕ ಹೆಚ್ಚು.

ಆ ಹಿರಿಯರಿಗೆ, ಅಂತಿಮ ಡಿಕ್ರಿಗಾಗಿ ನಡವಳಿ ಮುಂದುವರಿಸಬೇಕೆಂದು ವಕೀಲರ ಮೂಲಕ ಕೇಳಿಕೊಳ್ಳಿರೆಂದೂ, ವಕೀಲರ ಶುಲ್ಕಕ್ಕೆ ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರೆಂದೂ ಹೇಳಿದೆನು. ಅವರು ಕಟ್ಟನ್ನು ಮತ್ತೆ ದಾರದಿಂದ ಬಿಗಿದು, "ಹಂಗಾದ್ರೆ ನಾವು ಗೆದ್ದಿದ್ದು ದಿಟ ತಾನೆ ಸ್ವಾಮಿ?" ಎಂದು ಕೇಳಿದರು.