ಗೊತ್ತಿರೋ ಜೋಕಿಗೇ ನಗು ಜಾಸ್ತಿ!

ವಯಸ್ಸಾದವರು ಟೀವಿಯಲ್ಲಿ ಏನು ನೋಡಬೇಕು ಅನ್ನೋದನ್ನ ಮನೆಯವರೆಲ್ಲ ಸೇರಿ ಮೊದಲೇ ತೀರ್ಮಾನ ಮಾಡಿಟ್ಟಿರುತ್ತಾರೆ, ಗಮನಿಸಿದ್ದೀರಾ? ಬೆಳಿಗ್ಗೆ ಸುಪ್ರಭಾತ, ಆಮೇಲೆ ದಿನಭವಿಷ್ಯ, ಮಧ್ಯಾಹ್ನ ಪ್ರವಚನ, ಸಂಜೆ ವಾರ್ತೆ. ಅಲ್ಲಿಗೆ ಮುಗಿಯಿತು! ಎಪ್ಪತ್ತು ದಾಟಿದ ಮನುಷ್ಯ ಸೋಫಾ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರೆ ಒಳಗಿನಿಂದ ಯಾರಾದರೂ ಓಡಿ ಬಂದು ಹಣೆ ಮುಟ್ಟಿ ನೋಡುತ್ತಾರೆ.

ನಾನು ಎಪ್ಪತ್ತು ದಾಟಿದವನು. ನಗುವವನು. ಅದೂ ನಲವತ್ತು ವರ್ಷದ ಹಿಂದಿನ ಜೋಕಿಗೆ!

"ತಾತ, ನೋಡಿದ್ದನ್ನೇ ಎಷ್ಟು ಸಲ ನೋಡ್ತೀಯ?" ಅಂತ ಮೊಮ್ಮಗಳು ಕೇಳ್ತಾಳೆ. ನ್ಯಾಯವಾದ ಪ್ರಶ್ನೆ. ಆದರೆ ಒಂದು ಮಾತಿನಲ್ಲಿ ಹೇಳಿ ಮುಗಿಸೋ ಉತ್ತರ ಅಲ್ಲ. ಹಾಗಾಗಿ ಈ ವಾರದ ಪುಟ ಪೂರ್ತಿ ಅವಳ ಪ್ರಶ್ನೆಗೇ ಮೀಸಲು. ಬಸ್ಸು ಬರೋದರೊಳಗೆ ಓದಿ ಮುಗಿಸಬಹುದು, ಹೆದರಬೇಡಿ.

* * *

ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಮರುವರ್ಷ, ಏಷ್ಯನ್ ಗೇಮ್ಸ್ ಹೊತ್ತಿಗೆ, ದೇಶಕ್ಕೆ ಬಣ್ಣದ ಟೀವಿ ಬಂತು. ನಮ್ಮ ಮನೆಗೆ ಬಂದದ್ದು ಮಾತ್ರ ಕಪ್ಪು-ಬಿಳುಪೇ. ಪೆಟ್ಟಿಗೆಗೆ ಮರದ ಬಾಗಿಲು, ಬಾಗಿಲಿಗೊಂದು ಬೀಗ! ಮಹಡಿ ಮೇಲೆ ಒಬ್ಬ ಆಂಟೆನಾ ತಿರುಗಿಸಬೇಕು, ಕೆಳಗಿನಿಂದ ಇನ್ನೊಬ್ಬ "ಬಂತು, ಬಂತು... ಅಯ್ಯೋ, ಹೋಯ್ತು!" ಅಂತ ಕೂಗಬೇಕು.

1984ರಲ್ಲಿ ಶುರುವಾಯಿತು ನೋಡಿ, 'ಯೇ ಜೋ ಹೈ ಜಿಂದಗಿ'. ಬರೆದವರು ಶರದ್ ಜೋಶಿ. ನಿರ್ದೇಶಕರಲ್ಲಿ ಒಬ್ಬರು ಕುಂದನ್ ಶಾ. ಹಿಂದಿನ ವರ್ಷವಷ್ಟೇ 'ಜಾನೇ ಭೀ ದೋ ಯಾರೋ' ಚಿತ್ರ ಕೊಟ್ಟಿದ್ದ ಪ್ರತಿಭಾವಂತ. ಗಂಡನಾಗಿ ಶಫಿ ಇನಾಮ್‌ದಾರ್, ಹೆಂಡತಿಯಾಗಿ ಸ್ವರೂಪ್ ಸಂಪತ್, ಆಕೆಯ ತಮ್ಮನಾಗಿ ರಾಕೇಶ್ ಬೇಡಿ. ಇವರ ಜೊತೆಗೆ ವಾರಕ್ಕೊಂದು ವೇಷ ಹಾಕಿಕೊಂಡು ಬರುತ್ತಿದ್ದ ಸತೀಶ್ ಶಾ!

ಶುಕ್ರವಾರ ರಾತ್ರಿ ನಮ್ಮ ಹಾಲಿನಲ್ಲಿ ಕಾಲಿಡೋಕೆ ಜಾಗ ಇರುತ್ತಿರಲಿಲ್ಲ. ಎಲ್ಲ ಸರಿ, ತೊಂದರೆ ಒಂದೇ. ಹಿಂದಿ! ನಮ್ಮ ಬೀದಿಗೆಲ್ಲ ಹಿಂದಿ ಬರುತ್ತಿದ್ದದ್ದು ಮಿಲಿಟರಿಯಿಂದ ನಿವೃತ್ತರಾಗಿ ಬಂದಿದ್ದ ಹವಾಲ್ದಾರರೊಬ್ಬರಿಗೆ ಮಾತ್ರ. ಜೋಕು ಬಿದ್ದ ಕೂಡಲೆ ಅವರೊಬ್ಬರೇ ಗಹಗಹಿಸಿ ನಗೋರು. ನಾವೆಲ್ಲ ಟೀವಿ ಬಿಟ್ಟು ಅವರ ಮುಖ ನೋಡೋದು. ಅವರು ನಕ್ಕು ಮುಗಿಸಿ, ಕಣ್ಣು ಒರೆಸಿಕೊಂಡು, ಕನ್ನಡದಲ್ಲಿ ಬಿಡಿಸಿ ಹೇಳೋರು. ಆಗ ಹಾಲಿಗೆ ಹಾಲೇ ನಗೋದು. ಅಷ್ಟರಲ್ಲಿ ಮುಂದಿನ ಎರಡು ಜೋಕು ಬಂದು ಹೋಗಿರೋದು!

ಸತೀಶ್ ಶಾ ಬಂದರೆ ಮಾತ್ರ ಹವಾಲ್ದಾರರಿಗೆ ರಜಾ. ಆ ಮನುಷ್ಯ ಬಾಗಿಲಲ್ಲಿ ನಿಂತು ಕಣ್ಣು ಅಗಲಿಸಿದರೆ ಸಾಕು, ಭಾಷೆ ಯಾಕೆ ಬೇಕು? ನಮ್ಮ ನರಸಿಂಹರಾಜು ತೆರೆಯ ಮೇಲೆ ಬಂದ ತಕ್ಷಣ ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ನಗು ಏಳುತ್ತಿರಲಿಲ್ಲವೇ, ಆ ಜಾತಿಯ ಮುಖ ಅದು. ನರಸಿಂಹರಾಜು 1979ರಲ್ಲೇ ಹೋಗಿಬಿಟ್ಟರು. ಬೆಂಗಳೂರಿನ ದೂರದರ್ಶನವನ್ನೇ ಅವರು ನೋಡಲಿಲ್ಲ. ಅವರಿಗೆ ಇಂಥ ಒಂದು ಶುಕ್ರವಾರ ಸಿಕ್ಕಿದ್ದರೆ!

* * *

ಹಿಂದಿ ಹಾಸ್ಯದ ಮಾತೇ ಆಯಿತಲ್ಲ, ನಮ್ಮವರು ಎಲ್ಲಿ ಅಂತ ಕೇಳಬೇಡಿ. ಆ ಹಾಸ್ಯದ ಬೇರು ಅರ್ಧ ನಮ್ಮ ಮೈಸೂರಿನಲ್ಲೇ ಇದೆ!

'ಮಾಲ್ಗುಡಿ ಡೇಸ್' ಕಥೆಗಳು ಆರ್.ಕೆ. ನಾರಾಯಣ್ ಅವರವು. ಶೀರ್ಷಿಕೆಯ ಚಿತ್ರಗಳು ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ನಿರ್ದೇಶನ ನಮ್ಮ ಶಂಕರ್ ನಾಗ್, ಊರು ನಮ್ಮ ಆಗುಂಬೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಗದರುವ ಅಪ್ಪನಾಗಿ ಗಿರೀಶ್ ಕಾರ್ನಾಡ್. ಎಲ್. ವೈದ್ಯನಾಥನ್ ಅವರ ಆ ರಾಗ ಕೇಳಿದರೆ ಈಗಲೂ ನಮ್ಮ ಮನೆಯಲ್ಲಿ ಒಲೆ ಸಣ್ಣ ಮಾಡಿ ಬಂದು ಕೂರುತ್ತಾರೆ. ಚಿತ್ರೀಕರಣ ನಡೆದ ಅರಸಾಳು ರೈಲು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಕೂಡ ಆಯಿತು. ಹಾಸ್ಯಕ್ಕೆ ಇಂಥ ಗುಡಿ ಎಷ್ಟು ಕಡೆ ಇದೆ ಹೇಳಿ?

1988ರ 'ವಾಗ್ಲೆ ಕಿ ದುನಿಯಾ' ಕೂಡ ಲಕ್ಷ್ಮಣ್ ಅವರದೇ ಕೂಸು. ನಿರ್ದೇಶನ ಮತ್ತೆ ಕುಂದನ್ ಶಾ. ಅಂಜನ್ ಶ್ರೀವಾಸ್ತವ್ ಮತ್ತು ಭಾರತಿ ಆಚ್ರೇಕರ್ ಗಂಡ ಹೆಂಡತಿ. ಸಂಬಳ ಸಾಲದ, ಜಗಳಕ್ಕೆ ಹೆದರುವ, ಯಾರಿಗೂ ಇಲ್ಲ ಅನ್ನಲಾಗದ ಗುಮಾಸ್ತೆ. ಅಂಥವನು ನಮ್ಮ ಬೀದಿಯಲ್ಲಿ ಮನೆಗೊಬ್ಬ ಇದ್ದ!

ಈ ವಾಗ್ಲೆ ಸಂಸಾರ 2021ರಲ್ಲಿ ಸೋನಿ ಸಬ್ ಚಾನೆಲ್ಲಿನಲ್ಲಿ ಮತ್ತೆ ಬಂತು. ಈಗ ಕಥೆ ಮಗನದು, ಆ ಪಾತ್ರ ಸುಮೀತ್ ರಾಘವನ್ ಅವರದು. ಆದರೆ ಅಪ್ಪ ಅಮ್ಮ ಅದೇ ಅಂಜನ್, ಅದೇ ಭಾರತಿ! ತಲೆ ಬೆಳ್ಳಗಾಗಿದೆ, ನಡಿಗೆ ನಿಧಾನ ಆಗಿದೆ. ನಮ್ಮಾಕೆ ನೋಡಿದವಳೇ, "ರೀ, ಇವರೂ ನಮ್ಮ ಜೊತೆಗೇ ಮುದುಕರಾದ್ರಲ್ರೀ!" ಅಂದಳು. ಖುಷಿಯೋ ಬೇಸರವೋ ಗೊತ್ತಾಗಲಿಲ್ಲ. ಎರಡೂ ಇದ್ದಿರಬೇಕು.

* * *

ಈಗ ಮೊಮ್ಮಗಳ ಪ್ರಶ್ನೆಗೆ ಬರುತ್ತೇನೆ.

ನಮ್ಮಾಕೆಗೆ ಐದಾರು ವರ್ಷದಿಂದ ಕಿವಿ ಮಂದ. ಪೂರ್ತಿ ಕೇಳೋದಿಲ್ಲ ಅಂತಲ್ಲ. ಸದ್ದು ಕೇಳುತ್ತೆ, ಮಾತು ತಿಳಿಯೋದಿಲ್ಲ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಕುಂದೋದು ತೀಕ್ಷ್ಣ ದನಿಯನ್ನು ಹಿಡಿಯುವ ಶಕ್ತಿಯಂತೆ. ಸ, ಶ, ತ ಥರದ ಅಕ್ಷರಗಳು ಜಾರಿಹೋಗುತ್ತವೆ. ವಾಲ್ಯೂಮು ಏರಿಸಿದರೆ ಗಲಾಟೆ ಹೆಚ್ಚುತ್ತೆ ಅಷ್ಟೆ, ಮಾತು ಬಿಡಿಸಿಕೊಳ್ಳೋದಿಲ್ಲ. ಕಿವಿಗೆ ಯಂತ್ರ ತಂದೆವು. "ಪಾತ್ರೆ ಸದ್ದು ಗುಡುಗಿದ ಹಾಗೆ ಕೇಳುತ್ತೆ, ನಿಮ್ಮ ಮಾತು ಮಾತ್ರ ಕೇಳಲ್ಲ" ಅಂತ ಆಕೆ ಅದನ್ನ ಡಬ್ಬಿಯೊಳಗೆ ಮಲಗಿಸಿಬಿಡುತ್ತಾಳೆ.

ಇದರಿಂದ ಮನೆಯಲ್ಲಿ ಮೊದಲು ಹೋಗೋದು ಏನು ಗೊತ್ತೇ? ನಗು! ಕಾಫಿಯಾ, ಔಷಧಿಯಾ ಅಂತ ಕೂಗಿ ಹೇಳಬಹುದು. ಜೋಕನ್ನ ಕೂಗಿ ಹೇಳೋಕಾಗುತ್ಯೇ? ಎರಡನೇ ಸಲ ಹೇಳುವಾಗಲೇ ಅದು ಸತ್ತಿರುತ್ತೆ. ಮೂರನೇ ಸಲ ಹೇಳಿದರೆ ಜಗಳ. ಮನೆಯಲ್ಲಿ ಎಲ್ಲರೂ ನಕ್ಕಾಗ ಆಕೆ ಒಂದು ಕ್ಷಣ ತಡವಾಗಿ, ನಮ್ಮ ಮುಖ ನೋಡಿ ನಗುತ್ತಿದ್ದಳು. ಆಮೇಲಾಮೇಲೆ ಅದನ್ನೂ ಬಿಟ್ಟಳು. ಎದ್ದು ಅಡಿಗೆಮನೆಗೆ ಹೋಗಿಬಿಡೋಳು.

ಇಂದಿನ ಕಾಮಿಡಿಗಳಲ್ಲಿ ಮಾತಿಗೊಂದು 'ಟೊಂಯ್', ನೋಟಕ್ಕೊಂದು 'ಢಂ', ಮೇಲೆ ಡಬ್ಬಿಯಲ್ಲಿ ತುಂಬಿಟ್ಟ ನಗು. ಈ ಡಬ್ಬಿ ನಗುವಿನ ಯಂತ್ರವನ್ನು 1950ರ ದಶಕದಲ್ಲಿ ಮಾಡಿದವನು ಅಮೆರಿಕದ ಚಾರ್ಲ್ಸ್ ಡಗ್ಲಸ್ ಅನ್ನೋ ಎಂಜಿನಿಯರು. ಪುಣ್ಯಾತ್ಮ! ಆ ನಗುವಿನ ಕೆಳಗೆ ಮುಂದಿನ ಮಾತು ಮುಳುಗಿಹೋದರೆ ಮಂದ ಕಿವಿಯವರು ಎಲ್ಲಿ ಹುಡುಕಬೇಕು?

2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ದೂರದರ್ಶನದವರು ಡಿಡಿ ರೆಟ್ರೋ ಚಾನೆಲ್ ಶುರು ಮಾಡಿ ಹಳೆಯದನ್ನೆಲ್ಲ ಹೊರತೆಗೆದರು. ನಮಗೂ ಹಳೇ ರುಚಿ ಹತ್ತಿತು. ಒಂದು ರಾತ್ರಿ ಮೊಮ್ಮಗಳು ತನ್ನ ಫೋನಿನಿಂದ ಟೀವಿಗೆ ಜೋಡಿಸಿ 'ಯೇ ಜೋ ಹೈ ಜಿಂದಗಿ' ಹಾಕಿದಳು. ಸತೀಶ್ ಶಾ ಬಾಯಿ ತೆರೆಯೋ ಮೊದಲೇ ಪಕ್ಕದಲ್ಲಿ ಕಿಲಕಿಲ! ತಿರುಗಿ ನೋಡಿದರೆ ನಮ್ಮಾಕೆ. ಎಲ್ಲರಿಗಿಂತ ಮೊದಲು ನಕ್ಕಿದ್ದಳು!

ಇದೇ ಗುಟ್ಟು. ಹಳೆಯ ಹಾಸ್ಯವನ್ನ ಕಿವಿಯಿಂದ ಕೇಳಬೇಕಾಗಿಲ್ಲ, ನೆನಪಿನಿಂದ ಕೇಳಬಹುದು. ಮಾತು ಮೊದಲೇ ಗೊತ್ತು, ಮುಖ ಎದುರಿಗಿದೆ. ಅಂದು ಭಾಷೆ ಬಾರದೆ ನಗು ತಡ ಆಗುತ್ತಿತ್ತು. ಇಂದು ಕಿವಿ ಬಾರದೆ ತಡ ಆಗುತ್ತಿತ್ತು. ಗೊತ್ತಿರೋ ಜೋಕು ಎರಡನ್ನೂ ದಾಟಿಬಿಡುತ್ತೆ.

* * *

2025ರ ಅಕ್ಟೋಬರ್ 25ರಂದು ಸತೀಶ್ ಶಾ ತೀರಿಕೊಂಡರು. ಶಫಿ ಇನಾಮ್‌ದಾರ್ 1996ರಲ್ಲೇ ಹೋಗಿದ್ದರು, ಕುಂದನ್ ಶಾ 2017ರಲ್ಲಿ. ಸುದ್ದಿ ಓದಿ ಹೇಳಿದೆ, ಕಾಗದದ ಮೇಲೆ ಬರೆದೂ ತೋರಿಸಿದೆ. ನಮ್ಮಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೋದವರನ್ನ ನೋಡ್ಕೊಂಡು ನಗಬಹುದೇನ್ರೀ?" ಅಂದಳು.

ಅಂದು ರಾತ್ರಿ 'ಜಾನೇ ಭೀ ದೋ ಯಾರೋ' ಹಾಕಿದೆ. ನೋಡಿದವರಿಗೆ ಗೊತ್ತು. ಆ ಚಿತ್ರದ ಕೊನೆಯ ಭಾಗದುದ್ದಕ್ಕೂ ಸತೀಶ್ ಶಾ ಹೆಣ! ಒಂದು ಮಾತಿಲ್ಲ. ಮಹಾಭಾರತ ನಾಟಕದ ರಂಗದ ಮೇಲೆ ಆ ಹೆಣವನ್ನ ಎಳೆದಾಡುವಾಗ ನಗದೆ ಇರಲಿಕ್ಕೆ ಋಷಿಗಳಿಗೂ ಸಾಧ್ಯವಿಲ್ಲ. ಸತ್ತವನಾಗಿ ನಗಿಸಿದ ನಟನನ್ನು ಸತ್ತ ಮೇಲೆ ನೋಡಿ ನಕ್ಕರೆ ತಪ್ಪೇನು? ನಟನಿಗೆ ಸಲ್ಲಬೇಕಾದ ತರ್ಪಣ ಅದೇ ಅಂತ ನನ್ನ ಮತ. ಇಬ್ಬರೂ ನಕ್ಕೆವು. ಆಕೆ ನಡುವೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಬೇರೆ ಮಾತು.

* * *

ಕಡೆಯದಾಗಿ ನಮ್ಮ ಮನೆಯ ಕಾನೂನು ಕೇಳಿ, ಬೇಕಾದವರು ಪಾಲಿಸಿ. ದಿನಕ್ಕೆ ಒಂದೇ ಕಂತು; ಊಟದ ನಂತರದ ಬಾಳೆಹಣ್ಣಿನ ಹಾಗೆ. ಕಿವಿಗೆ ವೈರು ಸಿಕ್ಕಿಸಿಕೊಂಡು ಒಬ್ಬರೇ ನೋಡೋ ಹಾಗಿಲ್ಲ. ಕುರ್ಚಿ ಟೀವಿಗೆ ಹತ್ತಿರ, ಫ್ಯಾನು ಸಣ್ಣದು, ಮುಖ ಕಾಣುವಷ್ಟು ಬೆಳಕು. ತೆರೆಯ ಕೆಳಗೆ ಅಕ್ಷರ ಬರುವ ಸೌಕರ್ಯ ಇದ್ದರೆ ಹಾಕಿಸಿ. ಹಿಂದಿ ಬೇಡ ಅನ್ನೋವರಿಗೆ ರಮೇಶ್ ಭಟ್ಟರ 'ಕ್ರೇಜಿ ಕರ್ನಲ್', ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ಇವೆ. ಯಾವುದಾದರೂ ಆಗಲಿ, ಒಮ್ಮೆ ನೋಡಿ ನಕ್ಕದ್ದಾಗಿರಬೇಕು.

ನಿಮ್ಮ ಮನೆಯಲ್ಲೂ ಎಲ್ಲರೂ ನಗುವಾಗ ಎದ್ದು ಅಡಿಗೆಮನೆಗೆ ಹೋಗುವ ಹಿರಿಯರು ಇದ್ದರೆ, ಈ ವಾರವೇ ಒಂದು ಹಳೇ ಕಂತು ಹುಡುಕಿ ಹಾಕಿ. ಪಕ್ಕದಲ್ಲಿ ಕೂರಿ. ಟೀವಿ ಬಿಟ್ಟು ಅವರ ಮುಖ ನೋಡಿ. ಯಾರು ಮೊದಲು ನಗುತ್ತಾರೆ ಅಂತ ನನಗೊಂದು ಕಾರ್ಡು ಬರೆದು ಹಾಕಿ!